ಬಾಣಂತಿಗೆ ಕೊಟ್ಟ ಔಷಧ

ಯಾದಗಿರಿ
ಜೂನ್ 9, ರವಿವಾರ

ಅವ್ವನಿಗೆ ನಿನ್ನ ಶೀಲಾಳ ಜೈಭೀಮ.

ಇವತ್ತು ಮುಂಜಾನೆ ಮೋನಮ್ಮ ಅತ್ತಿಗೆ ಸೆರಗಿಗೆ ತಾನೇ ಪಿನ್ನು ಚುಚ್ಚಿಕೊಂಡಳು. ಎರಡು ಸಲ ತಪ್ಪಿತು, ಆಮೇಲೆ ಕೂತಿತು. ನಾನು ನೋಡುತ್ತಿರುವುದು ಗೊತ್ತಾಗಿ ನಕ್ಕಳು. ಈ ದವಾಖಾನೆಗೆ ಬಂದ ದಿನ ಅವೇ ಕೈಗಳು ನೀರಿನ ಲೋಟ ಹಿಡಿಯಲಾರದೆ ನಡುಗುತ್ತಿದ್ದವು. ಹೊಟ್ಟೆಯಲ್ಲಿರುವ ಆರು ತಿಂಗಳ ಕೂಸು ಚೆನ್ನಾಗಿ ಮಿಸುಕಾಡುತ್ತಿದೆಯಂತೆ. ನೀನು ಕೇಳಲಿಲ್ಲ, ಆದರೂ ಬರೆದೆ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದೇ ಬೇರೆ. "ಆ ಕುಡುಕಿನ್ನ ಮನಿಗಿ ಕರಕೊಂಡು ಬರಬ್ಯಾಡ. ಡಿಸ್ಚಾರ್ಜ್ ಆದಕೂಡ್ಲೆ ಕೆಂಭಾವಿ ಬಸ್ ಹತ್ತಿಸು, ಅವರಪ್ಪ ನೋಡ್ಕೋತಾನ. ಗುಡ್ಡಿ ನಮ್ಮ ಹಂತೇಕ ಇರ್ಲಿ" ಅಂದೆ. ಎರಡು ವರ್ಷದ ಮಗಳನ್ನು ತಾಯಿಯಿಂದ ಬಿಡಿಸುವ ಮಾತಿಗೆ ಅವಳ ಗಂಡ, ನಮ್ಮ ದೇವಿಂದ್ರಣ್ಣ, ಹಿಂದಿನಿಂದ "ಹೂಂ" ಅಂದದ್ದೂ ಕೇಳಿಸಿತು. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಫೋನು ಇಟ್ಟುಬಿಟ್ಟೆ. ಮಾತಿನಲ್ಲಿ ನಾನು ಎಂದೂ ನಿನಗೆ ಎದುರು ನಿಂತವಳಲ್ಲ. ಅದಕ್ಕೇ ಈ ಕಾಗದ. ಅಪ್ಪನ ಕನ್ನಡಕ ಹಾಕಿಕೊಂಡು, ಒಬ್ಬಳೇ ಕೂತು ಓದು.

ಬುದ್ಧಪೂರ್ಣಿಮೆಯ ಸಂಜೆ ವಿಹಾರದಲ್ಲಿ ಓಣಿಯ ಹೆಂಗಸರ ಮುಂದೆ ನೀನು ಅತ್ತಿಗೆಯನ್ನು ನಿಲ್ಲಿಸಿದೆ. ಮೇಣದಬತ್ತಿ ಹಚ್ಚಿಸಿ, ಪಂಚಶೀಲದಲ್ಲಿ ಐದನೆಯದನ್ನು ಮಾತ್ರ ಮತ್ತೆ ಮತ್ತೆ ಹೇಳಿಸಿದೆ: ಅಮಲು ತರುವ ಯಾವುದನ್ನೂ ಮುಟ್ಟುವುದಿಲ್ಲ. ಅವಳ ದನಿ ಏಳಲಿಲ್ಲ. "ಜೋರಾಗಿ ಹೇಳಬೇ, ಮಂದಿಗಿ ಕೇಳ್ಲಿ" ಅಂದೆ. ಅವಳು ಹೇಳಿದಳು, ಹೇಳಿದ ಹಾಗೇ ನಡೆದುಕೊಂಡಳು. ಆ ರಾತ್ರಿ ಒಂದು ಹನಿಯೂ ಮುಟ್ಟಲಿಲ್ಲ. ಮರುದಿನ ಸಂಜೆ ನೀರಿನ ತೊಟ್ಟಿಯ ಬಳಿ ಕೈಕಾಲು ಸೆಟೆದು ಬಿದ್ದಳು. "ಶೀಲ ಮುರದಾಳ, ಅದಕ್ಕ ಹಿಂಗಾತು" ಎಂದು ಓಣಿ ಮಾತಾಡಿತು. ನೀನು ಇಲ್ಲ ಅನ್ನಲಿಲ್ಲ.

ಮೊದಲು ತೋರಿಸಿದ ದವಾಖಾನೆಯಲ್ಲಿ ನರ್ಸ್ ಬಸುರಿಯರ ಸಾಲಿನ ನಡುವೆಯೇ ಕೇಳಿದಳು: "ಏನಬೇ, ಸೆರಿ ಗಿರಿ ಕುಡಿತೀಯೇನು?" ಸಾಲಿನಲ್ಲಿದ್ದವರು ಬಾಯಿಗೆ ಸೆರಗು ಹಿಡಿದು ನಕ್ಕರು. "ಯಾವ ಬ್ರ್ಯಾಂಡು ಅಂತನೂ ಕೇಳ್ರಿ ಸಿಸ್ಟರ್" ಎಂದು ಒಬ್ಬಳು ಕೂಗಿದಳು. ಅತ್ತಿಗೆ ನಿನ್ನ ಮುಖ ನೋಡಿದಳು. "ಅಂಥ ಮನಿ ಅಲ್ರಿ ನಮ್ದು, ಮಾಸ್ತರ ಮನಿ" ಅಂದೆ ನೀನು. ಕೇಳಬೇಕಾದದ್ದನ್ನೇ ಕೇಳಿದ್ದರು. ಆದರೆ ಅಷ್ಟು ಜನರ ನಡುವೆ, ಅತ್ತೆಯ ಪಕ್ಕದಲ್ಲಿ ನಿಂತು ಯಾವ ಸೊಸೆ ಹೌದು ಅಂದಾಳು? ಬಿ.ಪಿ. ಸರಿಯಿದೆ ಎಂದು ಗುಳಿಗೆ ಕೊಟ್ಟು ಕಳಿಸಿದರು. ಮನೆಗೆ ಬಂದು ಮತ್ತೆ ಬಿದ್ದಳು.

ಇಲ್ಲಿ ಡಾಕ್ಟರ್ ಖುರ್ಷೀದಬೇಗಂ ಮೊದಲು ನಿನ್ನನ್ನೇ ಹೊರಗೆ ಕೂರಲು ಹೇಳಿದರು. "ನಮ್ಮ ಸೊಸಿ, ನಮಗ ಗೊತ್ತಿಲ್ಲದ್ದು ಏನದ?" ಎಂದು ಜಗಳ ತೆಗೆದೆ. "ನಿಮಗ ಎಲ್ಲಾ ಗೊತ್ತದ ಅಂತಾನೇ ಹೊರಗ ಕೂಡ್ರಿ ಅನ್ನಾಕತ್ತೀನಿ" ಅಂದರು ಅವರು. ಪರದೆ ಎಳೆದು ಮಂಚದ ಅಂಚಿಗೆ ಕೂತರು. "ಬೇಟಿ, ನಾ ಬಯ್ಯಾಕ ಕೇಳಾಕತ್ತಿಲ್ಲ. ದಿನಾ ಎಷ್ಟು ತಗೋತಿದ್ದಿ, ಯಾವಾಗಿಂದ?" ಅತ್ತಿಗೆ ನನ್ನ ಮುಂಗೈ ಬಿಗಿಯಾಗಿ ಹಿಡಿದಳು. "ಚೊಚ್ಚಲ ಬಾಣಂತನದಾಗ ಅತ್ತಿ ಕೊಟ್ಟಳ್ರಿ. ಔಷಧ ಅಂದಳು."

ನಾನು ನೋಡಿದ್ದೇನಲ್ಲ ಅವ್ವ. ನೀನು ಬಿಸಿನೀರಿಗೆ ಒಂದು ಮುಚ್ಚಳ ಬ್ರಾಂಡಿ ಬೆರೆಸಿ, "ನಡಾ ಗಟ್ಟಿ ಆಗ್ತದ, ಕಣ್ಣು ಮುಚ್ಚಿ ಕುಡಿ" ಎಂದು ಪಕ್ಕದಲ್ಲೇ ಕೂತು ಕುಡಿಸುತ್ತಿದ್ದೆ. ಅಜ್ಜಿ ನಿನಗೂ ಹಾಗೇ ಕೊಟ್ಟಿದ್ದಳಂತೆ. ಬಾಣಂತನ ಮುಗಿಯಿತು, ಬ್ರಾಂಡಿ ಮುಗಿಯಲಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ ಬೆನ್ನು ನೋವಿಗೆಂದು ಮತ್ತೆ ನೀನೇ ತರಿಸಿದೆ. "ಇದನ್ನ ಕುಡದ್ರ ಕತ್ತಲಾಗುತನ ದಣಿಯಂಗಿಲ್ಲ ನನ್ನ ಸೊಸಿ" ಎಂದು ಬೀಗರ ಮುಂದೆ ನಕ್ಕದ್ದೂ ನೆನಪಿದೆ. ಮುಚ್ಚಳ ಹೋಗಿ ಲೋಟ ಬಂತು. ಎರಡನೆಯ ಸಲ ಬಸುರಾದರೂ ನಿಲ್ಲಲಿಲ್ಲ. ನೀನು ಕೊಟ್ಟದ್ದು ಸಾಲದೆ ಅವಳೇ ತರಿಸಿಕೊಂಡ ದಿನದಿಂದ ಮಾತ್ರ ಅದಕ್ಕೆ ಸೆರೆ ಎಂದು ಹೆಸರಾಯಿತು, ಅವಳಿಗೆ ಕುಡುಕಿ ಎಂದು.

ದಿನಾ ಕುಡಿಯುವ ಮೈ, ಒಮ್ಮೆಗೇ ನಿಲ್ಲಿಸಿದ್ದಕ್ಕೆ ಫಿಟ್ಸ್ ಬಂದಿದೆ ಎಂದು ಡಾಕ್ಟರು ನಿನ್ನನ್ನು ಒಳಗೆ ಕರೆದು ಹೇಳಿದರು. ದವಾಖಾನೆಯಲ್ಲಿಟ್ಟು, ಔಷಧ ಕೊಟ್ಟು ಬಿಡಿಸಬೇಕಿತ್ತಂತೆ. ಕೂಸಿನ ತೂಕ ಸ್ವಲ್ಪ ಕಡಿಮೆ, ಪ್ರತಿ ವಾರ ತೋರಿಸಬೇಕು. "ಈಗ ಹೊರಗ ಹಾಕಿದ್ರ ಮತ್ತ ಅದಕ್ಕ ಕೈ ಹಾಕ್ತಾಳ. ಮನಿಯವರು ಗಟ್ಟಿ ನಿಲ್ಲಬೇಕ್ರಿ" ಅಂದರು. ನೀನು ಹೂಂ ಎಂದು ತಲೆ ಆಡಿಸಿದೆ. ಸಂಜೆಯ ಬಸ್ಸಿಗೆ ಊರಿಗೆ ಹೋಗಿ, ಅಣ್ಣನಿಗೆ "ಕದ್ದು ಕುಡಿತಿದ್ದಳು" ಎಂದಷ್ಟೇ ಹೇಳಿದೆ. ಇದು ಅವನೇ ಫೋನು ಮಾಡಿ ನನ್ನ ಮೇಲೆ ಕೂಗಾಡುವಾಗ ತಿಳಿಯಿತು. ಆಗಲೂ ನಾನು ಸುಮ್ಮನೇ ಇದ್ದೆ. ಅತ್ತಿಗೆಯೂ ಈವರೆಗೆ ನಿನ್ನ ಹೆಸರನ್ನು ಅವನ ಮುಂದೆ ಎತ್ತಿಲ್ಲ. "ಅತ್ತಿ ಕೆಟ್ಟಾಕಿ ಅಲ್ಲ ಶೀಲಾ" ಅನ್ನುತ್ತಾಳೆ. ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ದವಾಖಾನೆಯ ಹಿಂದಿನ ಓಣಿಯಲ್ಲಿ ಮುನ್ನಿಬೀ ಎನ್ನುವವರ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಇಲ್ಲಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸಲು ಕರೆದಿದ್ದಾರೆ, ಒಪ್ಪಿಕೊಂಡೆ. ಹೆರಿಗೆಯಾಗುವವರೆಗೂ ಅತ್ತಿಗೆ ನನ್ನ ಹತ್ತಿರ ಇರುತ್ತಾಳೆ. ಕೆಂಭಾವಿ ಬಸ್ ಹತ್ತಿಸುವುದಿಲ್ಲ. ಮುಂದಿನ ರವಿವಾರ ಗುಡ್ಡಿಯನ್ನು ಕರೆದುಕೊಂಡು ಹೋಗಲು ಬರುತ್ತೇನೆ. ಅಷ್ಟರೊಳಗೆ ಅಣ್ಣನಿಗೆ ಎಲ್ಲವನ್ನೂ ನೀನೇ ಹೇಳು. ಹೇಳದೆ ಇದ್ದರೆ, ಬಾಯಿಸತ್ತವಳು ಎಂದು ನೀನು ಕರೆಯುವ ನಾನು ನಡುಮನೆಯಲ್ಲಿ ನಿಂತು ಹೇಳುತ್ತೇನೆ.

ನಿನ್ನ ಮಗಳು,
ಪಂಚಶೀಲಾ

ತಾ.ಕ.: ಆಟೋ ಗುರಣ್ಣನ ಕೈಲಿ ನಿನ್ನೆ ನೀನು ಕಳಿಸಿದ ಬಟ್ಟೆಯ ಚೀಲ ತಲುಪಿತು. ಹಸಿರು ಸೀರೆಯೊಳಗೆ ಸುತ್ತಿಟ್ಟಿದ್ದ ಬ್ರಾಂಡಿ ಸೀಸೆಯನ್ನು ಅತ್ತಿಗೆ ನೋಡುವ ಮೊದಲೇ ತೆಗೆದು ಚೆಲ್ಲಿದೆ. ಮತ್ತೆ ಫಿಟ್ಸ್ ಬಂದೀತೆಂಬ ಅಂಜಿಕೆಗೆ ಕಳಿಸಿದೆಯೋ, ಅವಳು ಕುಡುಕಿಯೇ ಎಂದು ಇಲ್ಲಿಯವರಿಗೂ ಕಾಣಲಿ ಎಂದು ಕಳಿಸಿದೆಯೋ, ನಾನು ಕೇಳುವುದಿಲ್ಲ. ಈ ಸಲ ಬಾಣಂತನ ನಾನೇ ಮಾಡುತ್ತೇನೆ. ಕೂಸನ್ನು ನೋಡಲು ಬಾ. ಬರಿಗೈಲಿ ಬಾ.