ಬಾಗಿಲ ಕೆಳಗಿನ ದಾರ

ರೀ,

ಫೋನಿನಲ್ಲಿ ನೀವು ಅಳುತ್ತಿದ್ದಿರಿ, ಇದನ್ನೆಲ್ಲ ಹೇಳಲಾಗಲಿಲ್ಲ.

ಈ ಕೊರೋನಾ ಕಾಲದಲ್ಲಿ ಹೊರದೇಶದಿಂದ ಬಂದವಳು ಎರಡು ವಾರ ಕೋಣೆ ಬಿಡುವಂತಿಲ್ಲವಲ್ಲ. ನೀವೀಗ ಇರುವಲ್ಲೇ ಹುಟ್ಟಿ ಬೆಳೆದ ನನಗೆ ನಿಮ್ಮ ದೇಶವೆಂದರೆ ಇನ್ನೂ ಈ ಕಿಟಕಿಯಷ್ಟೇ. ಅತ್ತೆ ದಿನವೂ ಬಾಗಿಲಾಚೆ ಕುರ್ಚಿ ಹಾಕಿಕೊಂಡು ನನಗೆಂದು ಸ್ವೆಟರ್ ಹೆಣೆಯುತ್ತಿದ್ದರು. “ತೋಳಿನ ಅಳತೆ ಕೊಡೇ. ನಿನ್ನ ಗಂಡನ್ನ ಕೇಳಿದ್ರೆ ಆನೆಮರಿ ಅಳತೆ ಹೇಳ್ತಾನೆ” ಎಂದರು. ಅವರೇ ತೂರಿಸಿದ ದಾರದಲ್ಲಿ ಅಳೆದು, ಗಂಟು ಹಾಕಿ, ಬಾಗಿಲ ಕೆಳಗಿಂದಲೇ ವಾಪಸು ಕೊಟ್ಟೆ.

ನಿನ್ನೆ ಆ ಕುರ್ಚಿಯಿಂದ ಮಾವ ಮಾತನಾಡಿದರು. “ಎದೆನೋವು ಅಂದ್ಲು, ಅಷ್ಟೇ ಕಣಮ್ಮ, ಉಸಿರು ನಿಂತೋಯ್ತು. ನೀನು ಹೊರಗೆ ಬರ್ಬೇಡ, ನಿಯಮ ಇದೆ.” ನಾನು ಹೋಗಲಿಲ್ಲ.

ಮಾವನ ಬಿಪಿ ಮಾತ್ರೆ ಅತ್ತೆ ಎಲ್ಲಿಡುತ್ತಿದ್ದರೆಂದು ಗೊತ್ತಿದ್ದರೆ ತಿಳಿಸಿ. ವಿಮಾನಗಳು ಶುರುವಾದಾಗ ಬನ್ನಿ, ಇನ್ನು ಅವಸರವಿಲ್ಲ.

ಸ್ವೆಟರನ್ನು ಮಾವ ಬಾಗಿಲ ಬಳಿ ಇಟ್ಟು ಹೋಗಿದ್ದಾರೆ. ಒಂದೇ ತೋಳಾಗಿದೆ. ಹಾಕಿಕೊಂಡೇ ಬರೆಯುತ್ತಿದ್ದೇನೆ. ಅಳತೆ ಸರಿಯಾಗಿದೆ.

ನಿಮ್ಮವಳು