ಜಲಾಶಯದ ನಕ್ಷೆಯಲ್ಲಿ ಒಂದು ಗೆರೆ

ಪಾಂಡವಪುರ
೧೭-೨-೧೯೯೪

ಮಾನ್ಯ ಇಂಜಿನಿಯರ್ ಸಾಹೇಬರಿಗೆ,

ಜಲಾಶಯದ ದಡದ ಪ್ರವಾಸಿ ಕೇಂದ್ರದ ನಕ್ಷೆಗೆ ನಾನು ಸಹಿ ಹಾಕಲಾರೆ. ದೋಣಿಕಟ್ಟೆ, ಮಕ್ಕಳ ಉದ್ಯಾನ, ಹೋಟೆಲು ಎಲ್ಲವನ್ನೂ ಇಷ್ಟಪಟ್ಟೇ ಬರೆದಿದ್ದೆ.

ಸೋಮವಾರ ನಾವು ಸ್ಥಳ ನೋಡಲು ಹೋದಾಗ ತಮಗೆ ಬಾಯಾರಿತು. ದಡದ ಹಳ್ಳಿಯ ತಿಮ್ಮಮ್ಮ ಜಲಾಶಯದ ಮೆಟ್ಟಿಲಿಳಿದು ನೀರು ತುಂಬಿ, ಬಟ್ಟೆಯಲ್ಲಿ ಸೋಸಿ ತಂದರು. "ಕುಡೀರಿ ಸ್ವಾಮಿ, ನಮ್ಮೂರ್ಗೆಲ್ಲ ಇದೇ ನೀರು" ಎಂದರು. ತಾವು ಎರಡು ಚೊಂಬು ಕುಡಿದಿರಿ. ಆಮೇಲೆ ಜೀಪಿನ ಮೇಲೆ ನಕ್ಷೆ ಹರಡಿ, ಅದೇ ಮೆಟ್ಟಿಲ ಜಾಗಕ್ಕೆ ಬೆರಳಿಟ್ಟು, "ಕಕ್ಕಸಿನ ಪೈಪು ಇಲ್ಲಿಗೆ ಬಿಡ್ರೀ, ಹತ್ತಿರ ಆಗುತ್ತೆ. ಈ ಜನ ಏನು ಕೊಟ್ಟರೂ ಕುಡೀತಾರೆ" ಎಂದಿರಿ. ತಿಮ್ಮಮ್ಮ ಖಾಲಿ ಚೊಂಬು ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಆದರೂ ನಾನು ಕಚೇರಿಗೆ ಬಂದು ಪೈಪಿನ ಆ ಗೆರೆ ಎಳೆದೆ. ಅಂದಿನಿಂದ ಅನ್ನ ಕಲಸಲು ನನ್ನ ಕೈಯೇ ನನಗೆ ಹೇಸಿಗೆ. ಗುಡ್ಡದ ಹಿಂದೆ ಕಕ್ಕಸಿನ ಗುಂಡಿ ತೋಡುವ ಇನ್ನೊಂದು ನಕ್ಷೆ ಕೊಟ್ಟೆ. ತಾವು ನಕ್ಕು ಹರಿದು ಹಾಕಿದಿರಿ.

ನಿನ್ನೆ ಮೊದಲ ನಕ್ಷೆಯ ಪ್ರತಿಯನ್ನು ಹಳ್ಳಿಗೆ ಒಯ್ದು ಜಗಲಿಯಲ್ಲಿ ಬಿಡಿಸಿ ತೋರಿಸಿದೆ.

"ಈ ಗೆರೆ ಎಳ್ದೋರು ಯಾರಪ್ಪ?" ಎಂದರು ತಿಮ್ಮಮ್ಮ.

"ನಾನೇ ಕಣವ್ವ."

"ಅಂಗಾದ್ರೆ ನೀನೇ ಅಳ್ಸಾಕು."

ಶಂಕುಸ್ಥಾಪನೆಯ ದಿನ ಊರಿನವರೆಲ್ಲ ಆ ಮೆಟ್ಟಿಲ ಮೇಲೆ ಧರಣಿ ಕೂರುತ್ತಾರೆ. ನನ್ನನ್ನು ಎಲ್ಲಿಗೆ ವರ್ಗ ಮಾಡಿದರೂ ಹೋಗುತ್ತೇನೆ; ಆದೇಶವನ್ನು ಬೇಗ ಕಳಿಸಿಕೊಡಿ. ಮೂಲ ನಕ್ಷೆಯ ಮೇಲಿನ ಗೆರೆಯನ್ನು ಇಂದು ಬೆಳಿಗ್ಗೆ ಬ್ಲೇಡಿನಿಂದ ಕೆರೆದು ತೆಗೆದಿದ್ದೇನೆ. ಮತ್ತೆ ಬೇಕಾದರೆ ತಾವೇ ಎಳೆದು, ಕೆಳಗೆ ತಮ್ಮ ಹೆಸರು ಬರೆಯಿರಿ.

ಇಂತಿ,
ತಮ್ಮ ಕಚೇರಿಯ ನಕ್ಷೆಗಾರ
ಸಿದ್ದರಾಮು