ಒಂದು ಬಾವಿ, ಎರಡು ರಾಟೆ ಮತ್ತು ತಮ್ಮ ಕಡತದ ಸೊನ್ನೆ

ನಮ್ಮ ವಲಯದ ನೀರು ಸರಬರಾಜು ಮತ್ತು ಒಳಚರಂಡಿ ವಿಭಾಗದ ಅಭಿಯಂತರರಿಗೆ,

ಮಾನ್ಯರೇ,

ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ತಾವು ಕಾಟಿಪಳ್ಳದ ನಮ್ಮ ಓಣಿಗೆ ಎರಡು ಲೋಡು ಮಣ್ಣು ಕಳಿಸಿ, ಇಲ್ಲದ ಬಾವಿಯೊಂದನ್ನು ಮುಚ್ಚಿಸಲಿದ್ದೀರಿ. ಇಲ್ಲದ್ದನ್ನು ಮುಚ್ಚಲು ಮಣ್ಣು ಏಕೆ ಬೇಕು ಎಂದು ನಾನು ಕೇಳುವುದಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಾದರೂ, ಸೊನ್ನೆಯಿಂದ ಏನೇನು ಮಾಡಬಹುದು ಎಂಬ ವಿಷಯದಲ್ಲಿ ತಮ್ಮ ಕಚೇರಿ ನನಗಿಂತ ಬಹಳ ಮುಂದಿದೆ. ಆದರೆ ಆ ಇಲ್ಲದ ಬಾವಿಯಿಂದ ಇವತ್ತು ಬೆಳಿಗ್ಗೆ ನಾನು ಆರು ಕೊಡಪಾನ ನೀರು ಸೇದಿದ್ದೇನೆ. ಗೋಡೆಯ ಆಚೆ ಬದಿಯಿಂದ ಪಕ್ಕದ ಮನೆಯ ಖತೀಜಮ್ಮ ನಾಲ್ಕು ಸೇದಿದ್ದಾರೆ. ಅಂದ ಹಾಗೆ, ಹದಿನೈದು ಕೋಲು, ಅಂದರೆ ಮೂವತ್ತೇಳೂವರೆ ಅಡಿ ಆಳದ, ಏಳು ಅಡಿ ಅಗಲದ ಬಾವಿಗೆ ಎರಡು ಲೋಡು ಮಣ್ಣು ಏನೇನೂ ಸಾಲದು. ಕನಿಷ್ಠ ಹದಿನಾಲ್ಕು ಬೇಕು, ನಾನು ಲೆಕ್ಕ ಹಾಕಿ ನೋಡಿದ್ದೇನೆ.

ತಮಗೆ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದ ಒಂಬತ್ತು ಪತ್ರಗಳಿಗೆ ಸ್ವೀಕೃತಿಯ ಮೊಹರು ಸಿಕ್ಕಿದೆ, ಉತ್ತರ ಸಿಕ್ಕಿಲ್ಲ.

ಮೊದಲು ಬಾವಿಯ ವಿಷಯ ಹೇಳುತ್ತೇನೆ, ಏಕೆಂದರೆ ತಮ್ಮ ಕಡತದಲ್ಲಿ ಅದೊಂದು ಬಿಟ್ಟು ಬೇರೆಲ್ಲ ಇದೆ. ಬಂದರಿಗಾಗಿ ನಮ್ಮ ಮನೆಗಳನ್ನು ಪಣಂಬೂರಿನಿಂದ ಎಬ್ಬಿಸಿದಾಗ ನಾನು ನಾಲ್ಕನೇ ಕ್ಲಾಸು. ಕಾಟಿಪಳ್ಳದಲ್ಲಿ ಸೈಟಿಗೆ ನಂಬರು ಸಿಕ್ಕಿತು, ನೀರನ್ನು ನಾವೇ ಹುಡುಕಿಕೊಳ್ಳಬೇಕಿತ್ತು. ಪಕ್ಕದ ಸೈಟು ಉಮರಬ್ಬರದ್ದು. ಆಗಷ್ಟೇ ಮದುವೆಯಾಗಿ ಖತೀಜಮ್ಮನನ್ನು ಕರೆತಂದಿದ್ದರು. ಮುರಕಲ್ಲು ಕಡಿದು ಬಾವಿ ತೋಡುವುದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಹಾಗಾಗಿ ನನ್ನ ಅಪ್ಪ ಮತ್ತು ಉಮರಬ್ಬ ಎರಡು ಸೈಟಿನ ಗಡಿಕಲ್ಲನ್ನು ಕಿತ್ತು, ಅದೇ ಜಾಗದಲ್ಲಿ ಅಗೆದರು. ಮುಂದೆ ಉಮರಬ್ಬರ ಮಗ ಅರಾಫತ್ ಗಲ್ಫಿಗೆ ಹೋಗಿ ಕಾಂಪೌಂಡು ಕಟ್ಟಿಸಿದಾಗ ಗೋಡೆ ಬಾವಿಕಟ್ಟೆಯವರೆಗೆ ಬಂದು ನಿಂತಿತು. ಮೇಸ್ತ್ರಿ ಬಾವಿಯ ಮೇಲೆ ಒಂದು ಕಮಾನು ಕಟ್ಟಿ, ಆ ಕೊನೆಯಿಂದ ಗೋಡೆ ಮುಂದುವರಿಸಿದ. ಈಚೆ ಒಂದು ರಾಟೆ, ಆಚೆ ಒಂದು ರಾಟೆ. ಕಮಾನಿನ ಅಡಿಯಲ್ಲಿ ಬಗ್ಗಿದರೆ ಆಚೆಯವರ ಮುಖ ಕಾಣುತ್ತದೆ. ಬಾಲ್ದಿ ಬಿದ್ದರೆ ಎತ್ತುವ ಪಾತಾಳಗರಡಿ ನಮ್ಮದು, ಅದಕ್ಕೆ ಕಟ್ಟುವ ಉದ್ದದ ಹಗ್ಗ ಅವರದ್ದು. ಆದ್ದರಿಂದ ಯಾರ ಬಾಲ್ದಿ ಬಿದ್ದರೂ ಎರಡು ಮನೆಯವರೂ ಬರಬೇಕು.

ಊರಿನಲ್ಲಿ ಗಲಾಟೆಯಾಗಿ, ನಾಲ್ಕು ಜನ ಒಟ್ಟು ಸೇರಬಾರದು ಎಂಬ ಆದೇಶ ಬಂದ ದಿನಗಳನ್ನೂ ಈ ಬಾವಿ ಕಂಡಿದೆ. ಅಂಗಡಿ ಬಂದ್, ಬಸ್ಸಿಲ್ಲ, ಓಣಿಯಲ್ಲಿ ಪೊಲೀಸ್ ಜೀಪು ಬಿಟ್ಟರೆ ಬೇರೆ ಸದ್ದಿಲ್ಲ. ಆಗ ಬೆಳಿಗ್ಗೆ ಆಚೆಯ ರಾಟೆ ಕಿರುಗುಟ್ಟಿದರೆ ನಮಗೆ ಸಮಾಧಾನ, ನಮ್ಮದು ಕಿರುಗುಟ್ಟಿದರೆ ಅವರಿಗೆ. ಆ ಕಾರಣಕ್ಕೇ ಇವತ್ತಿನವರೆಗೆ ಎರಡು ಮನೆಯವರೂ ರಾಟೆಗೆ ಎಣ್ಣೆ ಹಾಕಿಲ್ಲ.

ಇನ್ನು ತಮ್ಮ ನಿಯಮಗಳಿಗೆ ಬರೋಣ. ಕಳೆದ ಜನವರಿಯಲ್ಲಿ ತಾವು ನಮ್ಮ ಓಣಿಗೆ ಒಳಚರಂಡಿ ತಂದಿರಿ, ಜೊತೆಗೆ ನಲವತ್ತೆಂಟು ಪುಟಗಳ ನಿಯಮ ಮತ್ತು ಷರತ್ತುಗಳ ಪುಸ್ತಿಕೆಯನ್ನೂ ತಂದಿರಿ. ಒಳಚರಂಡಿಯ ಮ್ಯಾನ್‌ಹೋಲ್ ನಮ್ಮ ಅಂಗಳಕ್ಕಿಂತ ಎರಡು ಅಡಿ ಎತ್ತರದಲ್ಲಿದೆ. ನೀರು ಮೇಲಕ್ಕೆ ಹರಿಯತಕ್ಕದ್ದು ಎಂಬ ಷರತ್ತು ಪುಸ್ತಿಕೆಯಲ್ಲಿ ಎಲ್ಲಾದರೂ ಇರಬಹುದೆಂದು ಮೂರು ಸಲ ಹುಡುಕಿದೆ, ಸಿಗಲಿಲ್ಲ. ಇರಲಿ, ಆ ವ್ಯಾಜ್ಯವನ್ನು ನಾನು ಭೂಮಿಯ ಗುರುತ್ವಾಕರ್ಷಣೆಗೇ ಬಿಟ್ಟಿದ್ದೇನೆ. ಮನೆಯಿಂದ ಹೊರಹೋಗುವ ಕೊಳೆನೀರಿನ ಪ್ರಮಾಣ ತಿಳಿಯಲು ಒಳಬರುವ ನೀರಿನ ಮೂಲ ತಿಳಿಯಬೇಕಂತೆ. ಅದಕ್ಕಾಗಿ ಪ್ರತಿ ಮನೆಯೂ ಒಂದು ಘೋಷಣಾ ನಮೂನೆ ತುಂಬಬೇಕಾಯಿತು. ಬಾವಿ ಇದೆಯೇ? ಇದ್ದರೆ ಸಂಖ್ಯೆ ಎಷ್ಟು?

ಇಲ್ಲಿ ತಪ್ಪು ನನ್ನದು, ಮುಚ್ಚಿಡುವುದಿಲ್ಲ. ನಮ್ಮ ಓಣಿಯ ಎಲ್ಲರ ಅರ್ಜಿಗಳನ್ನೂ ತುಂಬುವವನು ನಾನು. ಅಕ್ಷರ ಚೆನ್ನಾಗಿದೆ, ಕೆಲಸ ಬೇರೇನೂ ಇಲ್ಲ. ನನ್ನ ನಮೂನೆಯಲ್ಲಿ ಬಾವಿಯ ಸಂಖ್ಯೆ ಎಂಬಲ್ಲಿ ಅರ್ಧ ಎಂದು ಬರೆದೆ, ಖತೀಜಮ್ಮನ ನಮೂನೆಯಲ್ಲೂ ಅರ್ಧ ಎಂದು ಬರೆದೆ. ಅರ್ಧಕ್ಕೆ ಅರ್ಧ ಕೂಡಿಸಿದರೆ ಒಂದು ಎಂಬ ಭರವಸೆಯಿಂದ ತಮ್ಮ ಕೌಂಟರಿಗೆ ಹೋದೆ. ಅಲ್ಲಿ ಕುಳಿತಿದ್ದವಳು ಸಂಚಿತಾ, ನನ್ನದೇ ಶಿಷ್ಯೆ. ಎದ್ದು ನಿಂತು ನಮಸ್ಕಾರ ಮಾಡಿ, ನಮೂನೆ ನೋಡಿ ಪೇಚಿಗೆ ಸಿಕ್ಕಿದಳು.

"ಸರ್, ಅರ್ಧ ಅಂತ ಹಾಕ್ಲಿಕ್ಕೆ ಆಗುದಿಲ್ಲ, ಕಂಪ್ಯೂಟರ್ ತಗೊಳ್ಳುದಿಲ್ಲ. ಒಂದು ಅಂತ ಹಾಕ್ತೇನೆ, ಆಯ್ತಾ? ನೀವೇ ಕಲಿಸಿದ್ದಲ್ವಾ, ಅರ್ಧ ಬಂದ್ರೆ ಮೇಲಿನದ್ದು ತಗೊಳ್ಳಿ ಅಂತ."

ಕಲಿಸಿದ್ದು ನಿಜ. ಎಂಟನೇ ಕ್ಲಾಸಿನಲ್ಲಿ, ಬೆತ್ತ ಹಿಡಿದು ಕಲಿಸಿದ್ದೆ. ಶಿಷ್ಯರು ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ ಎಂದು ಗೊಣಗುತ್ತಿದ್ದ ನಾನು ಆ ದಿನ ಹೆಮ್ಮೆಯಿಂದ ಮನೆಗೆ ಬಂದೆ. ಹೀಗೆ ನನ್ನ ಅರ್ಧ ಒಂದಾಯಿತು, ಖತೀಜಮ್ಮನ ಅರ್ಧವೂ ಒಂದಾಯಿತು, ಮತ್ತು ನನ್ನ ಅಪ್ಪ ಮತ್ತು ಉಮರಬ್ಬ ತೋಡಿದ ಬಾವಿ ತಮ್ಮ ಕಡತದಲ್ಲಿ ಎರಡು ಬಾವಿಗಳಾಯಿತು.

ಫೆಬ್ರವರಿಯಲ್ಲಿ ನೋಟೀಸು ಬಂತು. ಷರತ್ತು ಹದಿನೇಳರ ಪ್ರಕಾರ ಎರಡು ತೆರೆದ ಬಾವಿಗಳ ನಡುವೆ ಕನಿಷ್ಠ ಹತ್ತು ಮೀಟರ್ ಅಂತರವಿರತಕ್ಕದ್ದು, ತಪ್ಪಿದಲ್ಲಿ ಒಂದನ್ನು ಮಣ್ಣು ತುಂಬಿ ಮುಚ್ಚತಕ್ಕದ್ದು. ತನಿಖೆಗೆ ತಮ್ಮ ಕಿರಿಯ ಅಭಿಯಂತರರಾದ ಪ್ರೇಮ್ ಅವರು ಟೇಪು ಹಿಡಿದು ಬಂದರು. ಸೌಮ್ಯ ಸ್ವಭಾವದ ಯುವಕ. ನಮ್ಮ ಬದಿಯಿಂದ ಇಣುಕಿದರು, ಸುತ್ತಿ ಹೋಗಿ ಆಚೆ ಬದಿಯಿಂದಲೂ ಇಣುಕಿದರು. ನನ್ನ ಹೆಂಡತಿ ಕ್ರಿಸ್ಟಿನ್ ಈಚೆಯಿಂದ ಕೊಟ್ಟ ನೀರನ್ನೂ ಖತೀಜಮ್ಮ ಆಚೆಯಿಂದ ಕೊಟ್ಟ ನೀರನ್ನೂ ಕುಡಿದರು. ರುಚಿಯಲ್ಲಿ ವ್ಯತ್ಯಾಸ ಉಂಟಾ ಎಂದು ಕ್ರಿಸ್ಟಿನ್ ಕೇಳಿದಳು. ಅವರು ತಲೆ ಕೆರೆದುಕೊಂಡರು.

"ನನಗೆ ಕಾಣುದು ಒಂದೇ ಬಾವಿ ಸರ್. ಆದ್ರೆ ಫೈಲಲ್ಲಿ ಎರಡು ಉಂಟಲ್ಲ, ನಾನು ಎಂತ ಮಾಡುದು?"

ಅವರು ಏನು ಮಾಡಿದರೆಂದರೆ, ಎರಡು ಬಾವಿಗಳ ನಡುವಿನ ಅಂತರ: ಸೊನ್ನೆ ಮೀಟರ್ ಎಂದು ಬರೆದುಕೊಂಡು ಹೋದರು. ಅದರ ಕೆಳಗೆ ತಾವು ಕೆಂಪು ಶಾಯಿಯಲ್ಲಿ 'ಅತ್ಯಂತ ಗಂಭೀರ ಉಲ್ಲಂಘನೆ' ಎಂದು ಷರಾ ಬರೆದಿರಿ. ನಾನು ಕಚೇರಿಗೆ ಬಂದು ತಮ್ಮ ಬಾಗಿಲಲ್ಲಿ ಎರಡು ಗಂಟೆ ನಿಂತಾಗ ತಾವು ಹೇಳಿದ್ದು ನೆನಪಿದೆಯೇ? ಇಬ್ಬರಲ್ಲಿ ಒಬ್ಬರು 'ಬಾವಿ ಇಲ್ಲ' ಎಂದು ಬರೆದುಕೊಡಿ, ಎರಡರಲ್ಲಿ ಒಂದು ಕಳೆದರೆ ಒಂದು ಉಳಿಯುತ್ತದೆ, ಮಾಸ್ತರರಾಗಿ ಅಷ್ಟೂ ಗೊತ್ತಿಲ್ಲವೇ ಎಂದಿರಿ. ಹಾಗೆ ಬರೆದುಕೊಟ್ಟವರು ಆಮೇಲೆ ನೀರು ಸೇದಬಹುದೇ ಎಂದು ಕೇಳಿದೆ. ತಾವು ಪುಸ್ತಿಕೆ ತೆರೆದು ಷರತ್ತು ಒಂಬತ್ತನ್ನು ತೋರಿಸಿದಿರಿ: ಒಂದು ನಿವೇಶನದ ನೀರನ್ನು ಇನ್ನೊಂದು ನಿವೇಶನದವರು ಬಳಸತಕ್ಕದ್ದಲ್ಲ. ಅಂದರೆ ಇಬ್ಬರಲ್ಲಿ ಒಬ್ಬರು ಬಾವಿ ಕಳೆದುಕೊಳ್ಳಬೇಕು, ಮತ್ತು ಕಮಾನಿನ ಕೆಳಗೆ ಇಟ್ಟಿಗೆ ಇಟ್ಟು ಮುಚ್ಚಬೇಕು.

ನಳ್ಳಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಏಪ್ರಿಲ್ ಅದು. ಖತೀಜಮ್ಮನಿಗೆ ಎಪ್ಪತ್ತಾರು ವರ್ಷ. ಮೂರು ದಿನ ಯೋಚಿಸಿ, ಯಾರಿಗೂ ಹೇಳದೆ, ಒಂದು ಮಂಗಳವಾರ ನಾನು ತಮ್ಮ ಕೌಂಟರಿಗೆ ಹೋಗಿ 'ನನಗೆ ಬಾವಿ ಇಲ್ಲ' ಎಂದು ಬರೆದುಕೊಟ್ಟೆ. ಕಾನೂನು ಪಾಲಿಸುವವನಾದ್ದರಿಂದ ಮರುದಿನದಿಂದ ರಾಟೆ ಮುಟ್ಟಬಾರದು ಎಂದು ಮನೆಯಲ್ಲಿ ಅಪ್ಪಣೆ ಮಾಡಿದೆ. "ನಿಮಗೆ ಮಂಡೆ ಸಮ ಉಂಟಾ?" ಎಂದು ಕ್ರಿಸ್ಟಿನ್ ಕೇಳಿದಳು.

ಎರಡು ದಿನ ನಮ್ಮ ರಾಟೆ ಸುಮ್ಮನಿತ್ತು. ಆಚೆಯದ್ದೂ ಸುಮ್ಮನಿತ್ತು. ಮೂರನೆಯ ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಮುದುಕಿ ಹಾಸಿಗೆ ಹಿಡಿದರೋ ಏನೋ ಎಂದು ಕಟ್ಟೆಯ ಹತ್ತಿರ ಹೋಗಿ ಕಮಾನಿನ ಕೆಳಗೆ ಬಗ್ಗಿದರೆ, ಆಚೆಯಿಂದ ಖತೀಜಮ್ಮನೂ ಬಗ್ಗಿದ್ದರು. ನಾವು ಮಾತನಾಡುವುದು ತುಳುವಿನಲ್ಲಿ. ತಮ್ಮ ಕಡತದ ಅನುಕೂಲಕ್ಕೆ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಎರಡು ದಿನ ಆಯ್ತು ಮಾಷ್ಟ್ರೇ, ರಾಟೆ ಕೇಳುದಿಲ್ಲ. ಬಾಯಮ್ಮನಿಗೆ ಹುಷಾರಿಲ್ವಾ?"

ಕ್ರಿಸ್ಟಿನ್ ಹುಷಾರಾಗಿದ್ದಾಳೆ, ನಿಮ್ಮ ರಾಟೆ ಯಾಕೆ ಕೇಳುವುದಿಲ್ಲ ಎಂದೆ. ಆಮೇಲೆ ವಿಷಯ ಹೊರಬಂತು. ನಾನು ಮಂಗಳವಾರ ಹೋಗಿದ್ದರೆ, ಬುಧವಾರ ಅವರು ಸೊಸೆ ಫಾಯಿಝಾಳನ್ನು ಕಳಿಸಿ, 'ನನಗೆ ಬಾವಿ ಇಲ್ಲ' ಎಂದು ಬರೆದುಕೊಟ್ಟಿದ್ದರು. ನನಗೆ ಸಿಟ್ಟು ಬಂತು. ಹೇಳದೆ ಕೇಳದೆ ಹಾಗೆ ಮಾಡುವುದುಂಟೇ ಎಂದು ಜೋರು ಮಾಡಿದೆ. ಅದೇ ಕೆಲಸವನ್ನು ಒಂದು ದಿನ ಮೊದಲು ಮಾಡಿದವನು ನಾನು ಎಂಬುದು ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ.

"ಅವರನ್ನು ಕೊನೆಗೆ ಮೀಯಿಸಿದ್ದು ಇದೇ ನೀರಲ್ಲಿ ಮಾಷ್ಟ್ರೇ," ಎಂದರು ಖತೀಜಮ್ಮ, ತೀರಿಹೋದ ಗಂಡನ ಹೆಸರೆತ್ತದೆ. "ಆ ದಿನ ನಮ್ಮ ಬದಿಯ ಹಗ್ಗ ತುಂಡಾಗಿತ್ತು, ನೀವು ನಿಮ್ಮ ಬದಿಯಿಂದ ಸೇದಿ ಸೇದಿ ಕೊಟ್ರಿ. ಇದನ್ನು ಮುಚ್ಚಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ನಿಮ್ಮ ಹೆಸರಲ್ಲೇ ಇರ್ಲಿ. ಬಾವಿ ಇದ್ರೆ ಸಾಕು."

ಉಮರಬ್ಬ ತೀರಿಕೊಂಡ ದಿನ ನಾನು ಎಷ್ಟು ಕೊಡಪಾನ ಸೇದಿದೆನೋ ಲೆಕ್ಕ ಇಟ್ಟಿಲ್ಲ. ನನ್ನ ಜೀವನದಲ್ಲಿ ಲೆಕ್ಕ ಇಡದ ಕೆಲಸಗಳು ಕಡಿಮೆ. ಕಮಾನಿನ ಕೆಳಗೆ ಬಗ್ಗಿದಲ್ಲೇ ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಆಮೇಲೆ ಖತೀಜಮ್ಮ ನಕ್ಕರು, ನಾನೂ ನಕ್ಕೆ. ಇಬ್ಬರೂ ಬಾಲ್ದಿ ಇಳಿಸಿ ಎರಡು ದಿನದ ಬಾಕಿ ನೀರು ಸೇದಿದೆವು.

ನಕ್ಕದ್ದು ಹೆಚ್ಚಾಯಿತು ಎಂದು ಈಗ ತಿಳಿಯುತ್ತಿದೆ. ಎರಡರಲ್ಲಿ ಒಂದು ಕಳೆದು, ಮತ್ತೊಂದು ಕಳೆದರೆ ಎಷ್ಟು ಉಳಿಯುತ್ತದೆ ಎಂದು ಮಾಸ್ತರನಾದ ನಾನು ತಮಗೆ ಹೇಳಬೇಕೆ? ನಾವು ತಮ್ಮ ಕಚೇರಿಗೆ ಓಡಿ ಬಂದು ಘೋಷಣೆ ಹಿಂದಕ್ಕೆ ಕೊಡಿ ಎಂದು ಬೇಡಿದೆವು. ಹಿಂದಕ್ಕೆ ಪಡೆಯಲು ಬಾವಿ ಇರುವ ಬಗ್ಗೆ ತಮ್ಮ ಕಚೇರಿಯ ದೃಢೀಕರಣ ಬೇಕು ಎಂದರು ಅಲ್ಲಿಯವರು. ದೃಢೀಕರಣ ಕೇಳಿದರೆ, ಕಡತದಲ್ಲಿ ಬಾವಿಯಿಲ್ಲವಾದ್ದರಿಂದ ಕೊಡಲು ಬರುವುದಿಲ್ಲ ಎಂದರು. ಸಂಚಿತಾ ನನ್ನ ಮುಖ ನೋಡಲಾರದೆ ಪ್ರಿಂಟರಿನಲ್ಲಿ ಏನೋ ಹುಡುಕತೊಡಗಿದಳು. ಮೊನ್ನೆ ಬಂದ ನೋಟೀಸಿನಲ್ಲಿ ನಮ್ಮ ಬಾವಿಗೆ ಬಾವಿ ಎಂಬ ಹೆಸರೂ ಇಲ್ಲ. 'ಎರಡು ನಿವೇಶನಗಳ ಗಡಿಯಲ್ಲಿರುವ ದಾಖಲೆರಹಿತ, ಅಪಾಯಕಾರಿ ತೆರೆದ ಗುಂಡಿ' ಎಂದಿದೆ. ಅದನ್ನು ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಸೋಮವಾರ ಮುಚ್ಚಲಾಗುವುದಂತೆ.

ಮಾನ್ಯರೇ, ಐವತ್ತು ದಾಟಿದ ವರ್ಷಗಳಲ್ಲಿ ಆ ಗುಂಡಿಗೆ ಬಿದ್ದದ್ದು ಬಾಲ್ದಿಗಳು, ಒಂದು ಬೆಕ್ಕು ಮತ್ತು ನನ್ನ ಓದುವ ಕನ್ನಡಕ. ಬೆಕ್ಕು ಬದುಕಿದೆ. ಸಾರ್ವಜನಿಕ ಸುರಕ್ಷತೆಗೆ ಆ ಬಾವಿ ಮಾಡಿದ್ದನ್ನು ತಮ್ಮ ನಲವತ್ತೆಂಟು ಪುಟ ಮಾಡಿಲ್ಲ. ಇಲ್ಲಿ ಒಂದು ಮನೆಯ ಬೆಳಗು ಸರಿಯಾಗಿದೆ ಎಂದು ಇನ್ನೊಂದು ಮನೆಗೆ ತಿಳಿಯುವುದೇ ಅದರ ರಾಟೆಯ ಸದ್ದಿನಿಂದ. ತಮ್ಮ ನಿಯಮ ಬರೆದವರು ಬಾವಿಗೆ ಒಬ್ಬನೇ ಧಣಿ ಇರುತ್ತಾನೆ ಎಂದು ಏಕೆ ತಿಳಿದರು? ಅವರು ಯಾರ ಬಾವಿಯಿಂದ ನೀರು ಕುಡಿದು ದೊಡ್ಡವರಾದರು?

ನನ್ನ ಬೇಡಿಕೆ ಚಿಕ್ಕದು. ಎರಡಕ್ಕೂ ಸೊನ್ನೆಗೂ ನಡುವೆ ಒಂದು ಎಂಬ ಸಂಖ್ಯೆಯಿದೆ, ಅದನ್ನು ತಮ್ಮ ಕಡತದಲ್ಲಿ ಬರೆಯಿರಿ. ಅದರ ಎದುರು ಎರಡು ಹೆಸರು ಬರೆಯಿರಿ, ಜಾಗ ಸಾಲದಿದ್ದರೆ ಅಕ್ಷರ ಸಣ್ಣದು ಮಾಡಿ. ಮುಂದಿನ ನಮೂನೆಯಲ್ಲಿ 'ಪಾಲು' ಎಂಬ ಒಂದು ಕಾಲಮ್ಮು ಸೇರಿಸಿ. ಇದಿಷ್ಟು ಸೋಮವಾರ ಹತ್ತು ಗಂಟೆಯೊಳಗೆ ಆಗಬೇಕು. ಆಗದಿದ್ದರೆ ಲಾರಿಯ ಜೊತೆ ತಾವೇ ಬನ್ನಿ. ನಾನು ಈಚೆ, ಖತೀಜಮ್ಮ ಆಚೆ, ನೀರು ಸೇದುತ್ತಾ ಇರುತ್ತೇವೆ. ಓಣಿಯ ತಿರುವಿನಲ್ಲೇ ರಾಟೆಯ ಸದ್ದು ಕೇಳುತ್ತದೆ, ದಾರಿ ತಪ್ಪುವುದಿಲ್ಲ. ಬಿಸಿಲಿನಲ್ಲಿ ಬಂದವರಿಗೆ ಎರಡೂ ಬದಿಯಿಂದ ಒಂದೊಂದು ಲೋಟ ನೀರು ಸಿಗುತ್ತದೆ. ಕುಡಿದ ಮೇಲೆ ಎಷ್ಟು ಬಾವಿಯ ನೀರು ಕುಡಿದಿರೆಂದು ತಾವೇ ಹೇಳಿ.

ಇಂತಿ,
ನಾವೇ ಮಾಡಿದ ಲೆಕ್ಕಕ್ಕೆ ನಾವೇ ಸಿಕ್ಕಿಬಿದ್ದ,

ಲಿಗೋರಿ ಪಿರೇರಾ, ನಿವೃತ್ತ ಗಣಿತ ಮಾಸ್ತರ
ಖತೀಜಮ್ಮ, ದಿವಂಗತ ಉಮರಬ್ಬರ ಪತ್ನಿ

(ಸಹಿ ಎರಡಿದೆ. ಪತ್ರ ಒಂದೇ.)